ತಲೆ ಹಿಡಿದ ಕೈಗಳು

ಮಂಗಳವಾರ ಬೆಳಿಗ್ಗೆ ಠಾಣೆ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಬಲಗೈ ಪ್ಲಾಸ್ಟರಿನಲ್ಲಿತ್ತು. ಮೂರಂತಸ್ತಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಹಿಂದಿನ ವಾರ ಅಂಗಡಿಯ ಹಿಂಬದಿ ಮೆಟ್ಟಿಲಿನಿಂದ ಬಿದ್ದಿದ್ದಳು. ಬಿದ್ದವರು ಆಸ್ಪತ್ರೆಗೆ ಹೋಗಬೇಕು, ಇಲ್ಲಿಗ್ಯಾಕೆ ಬಂದಳು ಎಂದು ಪೇದೆ ಗೊಣಗಿದ. ಬಾಯಿಗೆ ಬೀಗವಿಲ್ಲದ ಈ ಪೇದೆಯನ್ನು ಠಾಣೆಯವರು ರೇಡಿಯೊ ಎಂದೇ ಕರೆಯುತ್ತಿದ್ದರು.

“ಅಜಾಗರೂಕತೆಯಿಂದ ಬಿದ್ದೆ ಅಂತ ಯಜಮಾನರು ಕೆಲಸದಿಂದ ತೆಗೀತಿದ್ದಾರೆ ಸರ್. ಮನೇಲಿ ದುಡಿಯೋಳು ನಾನೊಬ್ಬಳೇ. ನಾನಾಗೇ ಬೀಳ್ಲಿಲ್ಲ, ಯಾರೋ ಬೀಳೋ ಹಾಗೆ ಮಾಡಿದ್ರು.”

“ಯಾರನ್ನಾದರೂ ನೋಡಿದ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

“ಮುಖ ಕಾಣ್ಲಿಲ್ಲ. ಬಿದ್ದ ತಕ್ಷಣ ತಲೆ ಹಿಂದೆ ಯಾರೋ ಕೂತು, ಎರಡೂ ಕಿವಿ ಹತ್ರ ಗಟ್ಟಿಯಾಗಿ ಹಿಡ್ಕೊಂಡ್ರು. ತಿರುಗೋಕೆ ಬಿಡ್ಲಿಲ್ಲ. ಕೈ ತಣ್ಣಗಿತ್ತು.”

“ಏನಾದರೂ ಮಾತಾಡಿದ್ರಾ?”

“ಪಿಸುಗುಟ್ಟಿದ್ರು. ‘ಅಲುಗಾಡಬೇಡ ತಮ್ಮಾ. ಈ ಸಲ ನಿನ್ನ ಎತ್ತಲ್ಲ’ ಅಂತ.”

“ತಮ್ಮಾ ಅಂತ? ನಿಮಗೆ?”

“ಹೌದು ಸರ್. ಆಂಬುಲೆನ್ಸ್ ಸದ್ದು ಹತ್ರ ಆದಾಗ ಕೈ ಬಿಟ್ರು. ನನಗಿಂತ ಮೊದಲು ಅಲ್ಲಿ ಬಿದ್ದ ಇಬ್ಬರಿಗೂ ಅದೇ ಕೈ, ಅದೇ ಮಾತು. ಮೆಟ್ಟಿಲಲ್ಲಿ ದೆವ್ವ ಇದೆ ಅಂತಾರೆ.”

ರೇಡಿಯೊ ಬಾಗಿಲಿನತ್ತ ಎರಡು ಹೆಜ್ಜೆ ಸರಿದ. ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿದರು.

ಮಧ್ಯಾಹ್ನ ಪಂಚರ ಮುಂದೆ ಪಂಚನಾಮೆ ನಡೆಯಿತು. ಹಿಂಬದಿ ಮೆಟ್ಟಿಲಿಗೆ ಕಿಟಕಿಯಿಲ್ಲ, ಒಂದೇ ಒಂದು ಮಬ್ಬು ದೀಪ. ತಿರುವಿನ ಮೆಟ್ಟಿಲ ಅಂಚಿಗೆ ಯಾರೋ ಮೇಣ ತಿಕ್ಕಿದ್ದರು, ನೆಲ ಒರೆಸುವವರಿಗೂ ಗೊತ್ತಾಗದಷ್ಟು ನಯವಾಗಿ. ಕೆಳಗೆ ನಿಂತು ಮೇಲೆ ನೋಡಿದ ರೇಡಿಯೊ, ತನಗೆ ಹೊರಗೆ ಕೆಲಸವಿದೆ ಎಂದ. ಇನ್ಸ್‌ಪೆಕ್ಟರ್ ಬಿಡಲಿಲ್ಲ.

ಆಂಬುಲೆನ್ಸಿನವನ ಹೇಳಿಕೆ ಇನ್ನೂ ವಿಚಿತ್ರವಾಗಿತ್ತು. “ನಾವು ಹೋದಾಗ ಜೊತೇಲಿ ಯಾರೂ ಇರ್ಲಿಲ್ಲ ಸರ್. ತಲೆಯ ಎರಡೂ ಬದಿಗೆ ಬಟ್ಟೆ ಸುರುಳಿ ಒತ್ತಿಟ್ಟಿದ್ರು, ಮೈ ಮೇಲೆ ಕಂಬಳಿ. ಕತ್ತು ಒಂದಿಷ್ಟೂ ಅಲುಗಿರ್ಲಿಲ್ಲ. ಕಲಿತವರ ಕೈ ಅದು.”

“ಕರೆ ಯಾವಾಗ ಬಂತು?”

“ಏಳಕ್ಕೆ ಹತ್ತು ನಿಮಿಷ ಇದ್ದಾಗ. ಅಂಗಡಿ ಫೋನಿಂದಲೇ.”

ಅಂಗಡಿ ಮುಚ್ಚುವ ಗಂಟೆ ಹೊಡೆಯುವುದು ಏಳಕ್ಕೆ. ಅವಳು ಮೆಟ್ಟಿಲು ಇಳಿದದ್ದು ಗಂಟೆ ಹೊಡೆದ ಮೇಲೆ. ಅಂದರೆ ಬೀಳುವ ಮೊದಲೇ ಅವಳಿಗಾಗಿ ಆಂಬುಲೆನ್ಸ್ ಹೊರಟಿತ್ತು. “ದೆವ್ವವೇ ಸರ್,” ಎಂದ ರೇಡಿಯೊ.

“ದೆವ್ವ ಫೋನ್ ಮಾಡಲ್ಲ ಕಣಯ್ಯ,” ಎಂದರು ಇನ್ಸ್‌ಪೆಕ್ಟರ್. ಗಂಟೆಯಾದ ಕೂಡಲೇ ಮೊದಲು ಇಳಿಯುವವಳು ಅವಳೇ, ಉಳಿದವರು ಬಟ್ಟೆ ಮಡಚಿಟ್ಟು ತಡವಾಗಿ ಇಳಿಯುತ್ತಾರೆ ಎಂಬುದು ಅಂಗಡಿಯೊಳಗಿನವರಿಗಷ್ಟೇ ಗೊತ್ತು.

ಮರುದಿನ ಸಿಬ್ಬಂದಿಯನ್ನೆಲ್ಲ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದರು. ದೂರು ಕೊಟ್ಟವಳು ಗೋಡೆಗೆ ಒರಗಿ ನಿಂತಳು. ಬಿದ್ದವರ ಹಾಗೆ ನೆಲದ ಮೇಲೆ ಅಂಗಾತ ಮಲಗುವ ಕೆಲಸ ರೇಡಿಯೊನ ಪಾಲಿಗೆ ಬಂತು.

“ಕೈ ಇಬ್ಬರು, ಕಾಲು ಇಬ್ಬರು ಹಿಡೀರಿ. ಎತ್ತಿ ಜೀಪಿಗೆ ಹಾಕಿ,” ಎಂದು ಇನ್ಸ್‌ಪೆಕ್ಟರ್ ಉಳಿದ ಪೇದೆಗಳಿಗೆ ಹೇಳಿದರು.

ಯಜಮಾನ ತಲೆಯಾಡಿಸಿದ. ಬಿದ್ದವರನ್ನು ಎಲ್ಲರೂ ಎತ್ತುವುದೇ ಹಾಗೆ. ಪೇದೆಗಳು ಭುಜಕ್ಕೆ ಕೈ ಹಾಕಿದರು, ರೇಡಿಯೊನ ತಲೆ ಹಿಂದಕ್ಕೆ ಜೋತುಬಿತ್ತು. ಆಗ ಗುಂಪಿನಿಂದ ಒಬ್ಬ ನುಗ್ಗಿ ಬಂದು ಅವರ ಕೈಗಳನ್ನು ಕಿತ್ತೆಸೆದ. ರೇಡಿಯೊನ ತಲೆಯ ಹಿಂದೆ ಮಂಡಿಯೂರಿ, ಎರಡೂ ಕಿವಿಯ ಬಳಿ ಹಿಡಿದುಕೊಂಡ. ಅವನು ಮೇಲ್ಮಹಡಿಯ ಮೇಲ್ವಿಚಾರಕ, ಯಾರನ್ನೂ ಗದರಿಸಿದವನಲ್ಲ.

“ಅಲುಗಾಡಬೇಡ ತಮ್ಮಾ,” ಎಂದು ಪಿಸುಗುಟ್ಟಿದ. “ಈ ಸಲ ಎತ್ತಲ್ಲ.”

“ಅದೇ ದನಿ ಸರ್,” ಎಂದಳು ಗೋಡೆಗೆ ಒರಗಿದ್ದವಳು. ರೇಡಿಯೊ ಕಣ್ಣು ಮುಚ್ಚಿಕೊಂಡ.

ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ತಮ್ಮ ಇದೇ ಅಂಗಡಿಯಲ್ಲಿ ಏಣಿಯಿಂದ ಬಿದ್ದಿದ್ದ. ಗಾಬರಿಯಲ್ಲಿ ನಾಲ್ವರು ಕತ್ತಿಗೆ ಆಧಾರ ಕೊಡದೆ ಎತ್ತಿ ಆಟೋಗೆ ತುಂಬಿದರು. ಭುಜ ಹಿಡಿದವನು ಅಣ್ಣನೇ. ತಮ್ಮನಿಗೆ ಅಂದಿನಿಂದ ಕತ್ತಿನ ಕೆಳಗೆ ಸ್ವಾಧೀನವಿಲ್ಲ. ಅಣ್ಣ ಪ್ರಥಮ ಚಿಕಿತ್ಸೆ ಕಲಿತ, ಯಾರಾದರೂ ಬಿದ್ದರೆ ಈ ಸಲ ಸರಿಯಾಗಿ ಮಾಡೋಣವೆಂದು ಕಾದ.

“ಯಾರೂ ಬೀಳ್ಲಿಲ್ಲ ಸರ್,” ಎಂದ.

“ಬೀಳಿಸಿದ ಮೇಲೆ ಸಮಾಧಾನ ಆಯ್ತಾ?”

“ಹಿಡ್ಕೊಂಡಿರೋವಷ್ಟು ಹೊತ್ತು.”

ದೂರು ಕೊಟ್ಟವಳ ಕೆಲಸ ಉಳಿಯಿತು. ಯಜಮಾನ ಇನ್ಸ್‌ಪೆಕ್ಟರ್ ಎದುರೇ ಒಪ್ಪಿಕೊಂಡ. ಆ ಮೆಟ್ಟಿಲು ಮಾತ್ರ ಬೇಡ ಎಂದಳು ಅವಳು.

ಮನೆ ಶೋಧಕ್ಕೆ ಬಂಧಿತನನ್ನೂ ಕರೆದುಕೊಂಡು ಹೋದರು. ಮಂಚದ ಕೆಳಗೆ ಮೇಣದ ತುಂಡು ಸಿಕ್ಕಿತು. ಮಂಚದ ಮೇಲೆ ತಮ್ಮ ಮಲಗಿದ್ದ, ಪಕ್ಕದಲ್ಲಿ ಅತ್ತಿಗೆ ಅಳುತ್ತ ನಿಂತಿದ್ದಳು.

“ಅಣ್ಣ,” ಎಂದ ತಮ್ಮ, “ಅವತ್ತು ನೀನು ಎತ್ತದೆ ಇದ್ದಿದ್ರೂ ಹೀಗೇ ಆಗ್ತಿತ್ತೋ ಏನೋ. ಬಿದ್ದಾಗಲೇ ಆಗಿರಬಹುದು ಅಂತ ಡಾಕ್ಟರು ಅವತ್ತೇ ಹೇಳಿದ್ರು. ನೀನು ಕೇಳಿಸ್ಕೊಳ್ಲೇ ಇಲ್ಲ.”

ಅಣ್ಣ ಈಗಲೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಗಡಿಯಾರ ನೋಡಿ, “ಮಗ್ಗುಲು ಬದಲಿಸೋ ಹೊತ್ತಾಯ್ತು ಸರ್,” ಎಂದ. “ಇವಳೊಬ್ಬಳ ಕೈಲಿ ಆಗಲ್ಲ. ಮೂರು ಜನ ಬೇಕು.”

ಅವನ ಕೈಗೆ ಕೋಳವಿತ್ತು. ಇನ್ಸ್‌ಪೆಕ್ಟರ್ ಟೋಪಿ ತೆಗೆದಿಟ್ಟರು. ಅತ್ತಿಗೆ ಸೊಂಟದ ಹತ್ತಿರ ನಿಂತಳು, ರೇಡಿಯೊ ಭುಜದ ಹತ್ತಿರ. ತಲೆಯ ಹಿಂದೆ ಇನ್ಸ್‌ಪೆಕ್ಟರ್ ಕುಳಿತು, ಎರಡೂ ಕಿವಿಯ ಬಳಿ ಹಿಡಿದುಕೊಂಡರು.

“ತಲೆ, ಬೆನ್ನು ಒಂದೇ ಸಲಕ್ಕೆ ತಿರುಗಬೇಕು,” ಎಂದ ಅಣ್ಣ ಬಾಗಿಲಲ್ಲಿ ನಿಂತು. “ನಾನು ಎಣಿಸ್ತೀನಿ.”

ಅವನು ಮೂರರವರೆಗೆ ಎಣಿಸಿದ. ಎಲ್ಲರೂ ಒಟ್ಟಿಗೆ ತಿರುಗಿಸಿದರು.