ಮಂಗಳವಾರದ ಹೆಸರು ನನಗೆ ಬೇಡ

"ವರ್ಲೀನ್ ಟಾಲಿವರ್? ಇದು ಯಾರ ಹೆಸರು?"

ಡೆಟ್ರಾಯಿಟ್‌ನ ಲಿನ್‌ವುಡ್ ರಸ್ತೆಯಲ್ಲಿ ಅಮ್ಮ ನಡೆಸುತ್ತಿದ್ದ ಕೇಶಾಲಂಕಾರದ ಅಂಗಡಿಗೆ ಆಫ್ರಿಕಾದ ಮೂಲಕ್ಕೆ ಮರಳೋಣ ಎನ್ನುವ ಕಪ್ಪು ಜನರ ಸಭೆಯ ಕರಪತ್ರ ಕೊಡಲು ಬಂದವನು ಹೆಸರಿನ ಬಿಲ್ಲೆ ಓದಿ ಹಾಗೆ ಕೇಳಿದಾಗ ವರ್ಲೀನ್‌ಗೆ ಮೈಯೆಲ್ಲ ಉರಿದುಹೋಯಿತು.

"ನನ್ನದೇ! ಇನ್ಯಾರದ್ದು?"

"ವರ್ಲೀನ್ ನಿಮ್ಮದೇ ಇರಬಹುದು. ಟಾಲಿವರ್? ನಿಮ್ಮ ಮುತ್ತಜ್ಜನ್ನ ದುಡ್ಡು ಕೊಟ್ಟು ಕೊಂಡವನ ಹೆಸರಲ್ವಾ ಅದು?"

ಎಂಥ ಸೊಕ್ಕು! ಆದರೆ ಆ ಕಣ್ಣುಗಳಲ್ಲಿ ಸೊಕ್ಕಿರಲಿಲ್ಲ... ಏನೋ ಕಳೆದುಕೊಂಡವನ ನೋಟವಿತ್ತು. ಅವನ ಹೆಸರು ಕ್ವಾಬೆನಾ. ಆಫ್ರಿಕಾದ ಅಕಾನ್ ಜನರಲ್ಲಿ ಮಂಗಳವಾರ ಹುಟ್ಟಿದ ಗಂಡಿಗೆ ಇಡುವ ಹೆಸರು. ತನಗೆ ತಾನೇ ಇಟ್ಟುಕೊಂಡಿದ್ದ.

ಬೈಯಬೇಕೆಂದುಕೊಂಡವಳು ಮುಂದಿನ ಸಭೆಗೆ ಹೋದಳು. ಅದರ ಮುಂದಿನದಕ್ಕೂ ಹೋದಳು. ಕೂದಲು ನೆಟ್ಟಗಾಗಲು ಬಿಸಿ ಬಾಚಣಿಗೆ ಹಾಕುವುದನ್ನು ಬಿಟ್ಟು ಗುಂಗುರಾಗಿಯೇ ಬೆಳೆಯಗೊಟ್ಟಳು. ಕ್ವಾಬೆನಾನ ಮೇಲೆ ಪ್ರೀತಿ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

"ಊರೋರ ಕೂದಲು ನೆಟ್ಟಗೆ ಮಾಡಿ ಹೊಟ್ಟೆ ಹೊರೀತೀನಿ. ಮಗಳ ತಲೆ ನೋಡಿದ್ರೆ ಪೊದೆ!" ಎಂದು ಅಮ್ಮ ಅಲ್ಬರ್ಟಾ ಗಿರಾಕಿಗಳೆದುರೇ ಮೂದಲಿಸುತ್ತಿದ್ದಳು.

ಹೊಸ ಹೆಸರು ತೆಗೆದುಕೊಳ್ಳುತ್ತೇನೆಂದು ವರ್ಲೀನ್ ಸಭೆಯಲ್ಲಿ ಎದ್ದು ನಿಂತ ದಿನ, ಅವಳು ಬಾಯಿ ಬಿಡುವ ಮೊದಲೇ ಕ್ವಾಬೆನಾ ಎಲ್ಲರೆದುರು ಸಾರಿಬಿಟ್ಟ.

"ಇವಳು ಅಬೆನಾ! ನನ್ನ ಹಾಗೇ ಮಂಗಳವಾರದೋಳು!"

ಚಪ್ಪಾಳೆಯೋ ಚಪ್ಪಾಳೆ. ಯಾರೋ ಬಂದು ತಬ್ಬಿಕೊಂಡರು. ವರ್ಲೀನ್ ನಕ್ಕಳು. ನಗದೆ ಇನ್ನೇನು ಮಾಡಿಯಾಳು?

'ನಾನು ಮಂಗಳವಾರ ಹುಟ್ಟಿದ್ದಾ? ಇವನಿಗೆ ಯಾರು ಹೇಳಿದ್ರು? ನನ್ನನ್ನ ಒಂದು ಮಾತು ಕೇಳ್ಲಿಲ್ವಲ್ಲ...'

ಅವಳು ಹುಟ್ಟಿದ್ದು ಮಿಸಿಸಿಪ್ಪಿಯ ಹಳ್ಳಿಮನೆಯಲ್ಲಿ. ಸೂಲಗಿತ್ತಿ ಪೇಟೆಗೆ ಹೋದಾಗ ನೆನಪಿದ್ದಷ್ಟು ಬರೆಸಿದ ತಾರೀಖನ್ನು ನಂಬುವಂತಿರಲಿಲ್ಲ. ನಿಜವಾದ ದಿನ ಗೊತ್ತಿದ್ದದ್ದು ಅಮ್ಮ ಒಬ್ಬಳಿಗೇ. ಹೊಸ ಹೆಸರು ಕಿವಿಗೆ ಬಿದ್ದಂದಿನಿಂದ ಆ ಒಬ್ಬಳ ಬಾಯಿಗೆ ಬೀಗ.

"ನಾನು ಹುಟ್ಟಿದ್ದು ಯಾವ ವಾರ ಅಮ್ಮಾ?"

"ನೀನ್ಯಾರಮ್ಮಾ? ನನ್ನ ಮಗಳ ಹೆಸರು ವರ್ಲೀನ್. ಅಬೆನಾ ಗಿಬೆನಾ ಅನ್ನೋರನ್ನ ನಾನು ಹೆತ್ತಿಲ್ಲ."

"ಅಮ್ಮಾ, ಅದು ಗುಲಾಮರಿಗೆ ಇಟ್ಟ..."

"ಮುಚ್ಚೇ ಬಾಯಿ! ವರ್ಲೀನ್ ನನ್ನಮ್ಮನ ಹೆಸರು! ಯಾವ ಧಣೀನೂ ಇಟ್ಟಿದ್ದಲ್ಲ. ಅವಳು ಸತ್ತ ವರ್ಷ ನೀನು ಹುಟ್ಟಿದೆ, ಅವಳೇ ವಾಪಸ್ ಬಂದ್ಲು ಅಂತ ಇಟ್ಟೆ..."

ಅಮ್ಮ ಮುಖ ತಿರುಗಿಸಿ ಬಾಚಣಿಗೆ ಒರೆಸತೊಡಗಿದಳು. ವರ್ಲೀನ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅತ್ತ ದರಿ, ಇತ್ತ ಪುಲಿ! ಅಂಗಡಿಯಲ್ಲಿ "ವರ್ಲೀನ್" ಅಂದರೆ ಕ್ವಾಬೆನಾನಿಗೆ ದ್ರೋಹ ಮಾಡಿದಂತೆ. ಸಭೆಯಲ್ಲಿ "ಅಬೆನಾ" ಅಂದರೆ ಅಮ್ಮನಿಗೆ. ಹೆಸರು ಬದಲಿಸಿದರೆ ಬಿಡುಗಡೆ ಅಂದುಕೊಂಡಿದ್ದಳು ಪಾಪ, ಒಂದು ಸರಪಳಿ ಹೋಗಿ ಎರಡಾದವು. ಹುಟ್ಟಿದ ವಾರ ಗೊತ್ತಿಲ್ಲವೆಂದು ಅವನಿಗೆ ಹೇಳಲು ಎರಡು ಸಲ ಬಾಯಿ ತೆರೆದಳು. "ನಮ್ಮಿಬ್ಬರದೂ ಒಂದೇ ದಿನ, ಅಬೆನಾ" ಎಂದು ಅವನು ಮಗುವಿನಂತೆ ಹಿಗ್ಗುತ್ತಿದ್ದರೆ ಹೇಗೆ ಹೇಳುವುದು?

ನಾಮಕರಣದ ಭಾನುವಾರ ಬಂದೇ ಬಂತು.

ಸಭೆಯ ಹಿರಿಯಳಾದ ಅಜುವಾ ಅಜ್ಜಿ ಪೂರ್ವಿಕರನ್ನು ಕರೆದು ನೆಲಕ್ಕೆ ನೀರೆರೆದಳು. ಬೆರಳದ್ದಿ ವರ್ಲೀನ್‌ಳ ನಾಲಿಗೆಗೆ ನೀರಿಟ್ಟಳು, ಆಮೇಲೆ ಹೆಂಡವಿಟ್ಟಳು.

"ನೀರಾದ್ರೆ ನೀರು ಅನ್ನು ಮಗಳೇ. ಹೆಂಡ ಆದ್ರೆ ಹೆಂಡ ಅನ್ನು. ಇನ್ಮೇಲೆ ಈ ನಾಲಿಗೆ ಸುಳ್ಳಾಡಬಾರದು. ಹೇಳು, ನೀನ್ಯಾರು?"

ಕ್ವಾಬೆನಾ ಮುಗುಳ್ನಗುತ್ತ ಕಾದ.

'ಈ ನಾಲಿಗೆಯ ಮೊದಲ ಮಾತೇ ಸುಳ್ಳಾ?' ವರ್ಲೀನ್ ತುಟಿಯ ಮೇಲಿನ ಹೆಂಡ ಒರೆಸಿಕೊಂಡಳು.

"ಅಜ್ಜೀ... ನನಗೆ ಆಗಲ್ಲ. ನಾನು ಮಂಗಳವಾರದೋಳೋ ಅಲ್ವೋ ನನಗೇ ಗೊತ್ತಿಲ್ಲ. ಮಂಗಳವಾರ ಅಂದಿದ್ದು ಅವನು, ನಾನಲ್ಲ."

ಕ್ವಾಬೆನಾನ ಮುಖ ಬಾಡಿತು. ಸಭೆಯಲ್ಲಿ ಗುಸುಗುಸು ಶುರುವಾಯಿತು.

"ಶುಕ್ರವಾರ ಕಣೇ!"

ಎಲ್ಲರೂ ಹಿಂತಿರುಗಿ ನೋಡಿದರು. ಬಾಗಿಲಲ್ಲಿ ಚರ್ಚಿನ ಟೋಪಿ ಹಾಕಿಕೊಂಡ ಅಲ್ಬರ್ಟಾ!

"ಮಗಳ ಬಾಯಿಗೆ ಏನು ಹಾಕ್ತಾರೋ ನೋಡೋಣ ಅಂತ ಬಂದೆ. ನೀನು ಹುಟ್ಟಿದ್ದು ಶುಕ್ರವಾರ. ಮೀನು ಕರೀತಾ ಇದ್ದೆ, ನೋವು ಬಂತು. ಅಷ್ಟೂ ಮೀನು ಸೀದುಹೋಯ್ತು! ನಿಮ್ಮಪ್ಪ ನೀನು ಹುಟ್ಟಿದ್ದಕ್ಕೆ ಕುಣಿದಿದ್ದಕ್ಕಿಂತ ಮೀನಿಗೆ ಅತ್ತಿದ್ದೇ ಜಾಸ್ತಿ!"

ಸಭೆ ಘೊಳ್ಳೆಂದು ನಕ್ಕಿತು. ವರ್ಲೀನ್ ನಗುತ್ತಲೇ ಅತ್ತುಬಿಟ್ಟಳು.

"ಶುಕ್ರವಾರದ ಹೆಣ್ಣು ಅಫುವಾ," ಎಂದಳು ಅಜುವಾ ಅಜ್ಜಿ. "ಬೇಕೋ ಬೇಡ್ವೋ, ನೀನೇ ಹೇಳಬೇಕು."

ಅವಳು ಅಮ್ಮನನ್ನು ನೋಡಿದಳು. ಆಮೇಲೆ ತಲೆಯೆತ್ತಿದಳು.

"ನಾನು ಅಫುವಾ ವರ್ಲೀನ್. ಟಾಲಿವರ್ ಮಾತ್ರ ಬೇಡ."

"ಅದನ್ನ ಹೊತ್ಕೊಂಡು ಹೋಗಿ ತಿಪ್ಪೆಗೆ ಹಾಕು!" ಎಂದು ಅಲ್ಬರ್ಟಾ ಕೂಗಿದಳು.

ಕ್ವಾಬೆನಾ ಮಾತ್ರ ಅಲ್ಲಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕೂತಿದ್ದ. ಅವಳು ಹೋಗಿ ಎದುರು ನಿಂತಳು.

"ಒಂದು ಮಾತು ಕೇಳಬಹುದಿತ್ತಲ್ಲ ನನ್ನ?"

"ಕೇಳಿದ್ರೆ ನೀನು ಬೇರೆ ದಿನ ಅಂದುಬಿಡ್ತಿದ್ದೆ..." ಎಂದ ಅವನು. "ನಾನು ಅನಾಥಾಶ್ರಮದಲ್ಲಿ ಬೆಳೆದೋನು. ಬಾಗಿಲಲ್ಲಿ ನಿಂತು 'ಈ ವಾರ ಕಣೋ' ಅಂತ ಕೂಗೋಕೆ ನನಗೆ ಯಾರಿದಾರೆ? ಮಂಗಳವಾರ ಅನ್ನೋದು ನಾನೇ ಕಟ್ಟಿಕೊಂಡಿದ್ದು. ನೀನೂ ಅದರೊಳಗೆ ಬಂದ್ರೆ ನಿಜ ಆಗತ್ತೆ ಅನ್ನಿಸ್ತು. ಮೋಸ ಮಾಡಿದೆ ನಿನಗೆ."

ಅವಳ ಸಿಟ್ಟೆಲ್ಲ ಕರಗಿಹೋಯಿತು. ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು.

"ನಿನ್ನ ದಿನ ಯಾರಿಗೂ ಗೊತ್ತಿಲ್ಲ ಅಂದಮೇಲೆ ನೀನು ಆರಿಸಿದ್ದೇ ನಿನ್ನ ದಿನ, ಕ್ವಾಬೆನಾ. ಅದನ್ನ ಯಾರೂ ಕಿತ್ಕೊಳ್ಳಲ್ಲ. ನನ್ನದನ್ನ ನನಗೆ ಬಿಡು, ಅಷ್ಟೇ."

ಅವನು ಮೆಲ್ಲಗೆ ಕರೆದ.

"ಅಫುವಾ..."

"ಹ್ಞೂಂ?"

"ಮಂಗಳವಾರದೋನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಅವಳು ಅವನ ಹೆಗಲಿಗೆ ಒರಗಿದಳು. "ಆದರೆ ಯಾವ ದಿನ ಅಂತ ಊರಿಗೆಲ್ಲ ಸಾರೋ ಮೊದಲು ನನ್ನ ಕೇಳು!"