ಮುದಗಲ್ ಕೋಟೆಗೆ ಹದಿನೆಂಟು ತುಂಬಿರಬೇಕು

ಶಾಕೀರ್ ಮೂರು ವರ್ಷ ನಿದ್ದೆಗೆಟ್ಟು ಕಟ್ಟಿದ ವಿಡಿಯೋ ಗೇಮ್ ಅದು, ಹೆಸರು 'ಮುದಗಲ್ ಕೋಟೆ'. ಒಂದೇ ಒಂದು ಕತ್ತಿಕಾಳಗದಲ್ಲಿ ನಾಲ್ಕು ಹನಿ ರಕ್ತ ಚಿಮ್ಮುತ್ತಿತ್ತು, ಅಷ್ಟೇ. ಅಷ್ಟಕ್ಕೇ ಹೊಸ ನಿಯಮದವರು, ಹದಿನೆಂಟು ತುಂಬದವರಿಗೆ ಮಾರಕೂಡದೆಂದು ಮುದ್ರೆ ಒತ್ತಿಬಿಟ್ಟರು. ತಪ್ಪಿದರೆ ಸಿಂಧನೂರಿನ ಅವನ ಅಂಗಡಿಗೆ ಬೀಗ, ಆಟಕ್ಕೆ ಕಾಯಂ ನಿಷೇಧ.

"ನಾಟಕದಾಗ ತಲಿ ಕಡದ್ರ ಚಪ್ಪಾಳಿ ಹೊಡೀತೀರಿ. ನನ್ನ ಆಟದಾಗ ನಾಕು ಹನಿ ರಕ್ತ ಬಂದ್ರ ಹುಡುಗ್ರು ಕೆಡ್ತಾರೇನ್ರೀ? ಇದೂ ನನ್ನ ಮಾತ್ರೀ! ಮಾತಾಡಾಕ ಹಕ್ಕಿಲ್ಲೇನು ನನಗ?" ಎಂದು ಲಿಂಗಸುಗೂರಿನ ಸಭೆಯಲ್ಲಿ ಕೂಗಾಡಿದ್ದ.

ತಪಾಸಣಾ ಅಧಿಕಾರಿ ಸುರೇಖಾ ಮೇಡಂ ಕನ್ನಡಕ ಮೇಲೇರಿಸಿ, "ಐತ್ರೀ. ಹದಿನೆಂಟು ತುಂಬಿದವ್ರ ಮುಂದ ಮಾತಾಡ್ರಿ" ಎಂದಿದ್ದರು. ಸಭೆ ಗೊಳ್ಳೆಂದು ನಕ್ಕಿತ್ತು. ಶಾಕೀರನಿಗೆ ಆ ನಗು ಇನ್ನೂ ಉರಿಯುತ್ತಿತ್ತು.

ಹದಿನೆಂಟು ತುಂಬಿದವರು ಆಟ ಎಲ್ಲಿ ಆಡುತ್ತಾರೆ? ಅವರಿಗೆ ರೀಲ್ಸ್ ನೋಡಲೇ ಪುರುಸೊತ್ತಿಲ್ಲ. ಕೋಟೆಗಾಗಿ ಬಾಯಿಬಿಡುತ್ತಿದ್ದದ್ದು ಮಸ್ಕಿಯಿಂದ ಬಸ್ ಹತ್ತಿ ಬರುವ ಪಿಯುಸಿ ಹುಡುಗ ಹುಡುಗಿಯರು. ಅವರು ಆಡದಿದ್ದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು.

ನಿಯಮ ಕೇಳುತ್ತಿದ್ದದ್ದು ಇಷ್ಟೇ: ಕೊಂಡವರೊಬ್ಬೊಬ್ಬರ ಅಂಕಪಟ್ಟಿಯ ಜೆರಾಕ್ಸ್ ಫೈಲಿನಲ್ಲಿರಬೇಕು. ಒಂದು ಕೋಟೆಯ ಕಲ್ಲು ಕಲ್ಲನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದವನಿಗೆ ಒಂದು ಅಂಕಿ ಯಾವ ಮಹಾ? ಹುಟ್ಟಿದ ವರ್ಷ 2008 ಇದ್ದದ್ದು 2007 ಆಯಿತು. 2009 ಇದ್ದದ್ದೂ 2007 ಆಯಿತು. ಅತಿಯಾಸೆ ಬೇಡವೆಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಮೀಸೆ ಚಿಗುರದ ಮುಖಕ್ಕೆ ಇಪ್ಪತ್ತೈದು ಎಂದರೆ ಮೇಡಂ ನಂಬುವ ಪೈಕಿಯಲ್ಲ. ಈ 2025ರಲ್ಲಿ ಸರಿಯಾಗಿ ಹದಿನೆಂಟಾದರೆ ಸಾಕು. ಅಂಕಿಯ ದಪ್ಪ, ಬಾಗು, ಜೆರಾಕ್ಸಿನ ಮಸಿಚುಕ್ಕೆ ಎಲ್ಲವನ್ನೂ ಹೊಂದಿಸಿದ. ಮಿಕ್ಕ ಒಂದಕ್ಷರವನ್ನೂ ಮುಟ್ಟಲಿಲ್ಲ. ಕೈ ಹೆಚ್ಚು ಆಡಿಸಿದವರೇ ಸಿಕ್ಕಿಬೀಳುವುದೆಂದು ಅವನ ಗಟ್ಟಿ ನಂಬಿಕೆ.

"ಜ್ವಾಕಿ ರೀ, ಆ ಮೇಡಂ ಭಾಳ ಚಾಲಾಕ್ ಅದಾರ" ಎಂದಳು ಹೆಂಡತಿ ಅಸ್ಮಾ.

"ಭೂತಗನ್ನಡಿ ತರ್ಲಿ ಬೇಕಾದ್ರ" ಎಂದು ಶಾಕೀರ್ ನಕ್ಕ.

ರಜೆ ಮುಗಿಯುವ ಮೊದಲೇ ನಲವತ್ತೊಂದು ಪ್ರತಿ ಖಾಲಿಯಾದವು. ಮೇಡಂ ಬಂದರು, ನಿಜಕ್ಕೂ ಭೂತಗನ್ನಡಿ ತಂದಿದ್ದರು! ಒಂದೊಂದೇ ಹಾಳೆ ತಿರುವಿದರು, ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು. ಒಂದು ಗೆರೆಯೂ ಆಚೀಚೆ ಇರಲಿಲ್ಲ. ಶಾಕೀರ್ ಅವರಿಗೆ ಚಹಾ ತರಿಸಿದ.

ಕಪ್ಪು ಕೆಳಗಿಟ್ಟು ಮೇಡಂ, "ಮೂವತ್ತೆಂಟು ಮಂದೀದು ಹುಟ್ಟಿದ ತಾರೀಖು ಜೂನ್ ಒಂದು ಐತಲ್ರೀ?" ಎಂದರು. ಶಾಕೀರ್ ಹೊಟ್ಟೆ ಹಿಡಿದು ನಕ್ಕ. "ಅದ್ರಾಗೇನೈತ್ರೀ ಮೇಡಂ! ನಮ್ಮ ಕಡಿ ಸಾಲಿಗೆ ಹಚ್ಚುವಾಗ ಮಾಸ್ತರು ಎಲ್ಲಾರಿಗೂ ಜೂನ್ ಒಂದ ಬರೀತಾರ. ನಂದೂ ಅದ, ನಿಮ್ದೂ ಅದ ಇರಬೇಕು." "ಖರೇನ, ನಂದೂ ಅದ" ಎಂದು ಮೇಡಂ ಕೂಡ ನಕ್ಕರು. ಆಮೇಲೆ ಪೆನ್ನಿನ ತುದಿಯನ್ನು ಗೋಡೆಯ ಕ್ಯಾಲೆಂಡರಿನತ್ತ ಚಾಚಿದರು. "ಆದ್ರ ಇವತ್ತು ಮೇ ಇಪ್ಪತ್ತೊಂಬತ್ತು ಐತ್ರೀ. ಹದಿನೆಂಟು ತುಂಬಾಕ ಇನ್ನಾ ಮೂರು ದಿನ ಬೇಕಲ್ಲ?"