ಕುರ್ಚಿ ಕಲಿತ ಮಂಡಿ

ಹಡಗು ಎಡಕ್ಕೆ ವಾಲಿತು. ಮೇಲಿನ ಅಟ್ಟದಲ್ಲಿ ಅಡ್ಡಾಡುತ್ತಿದ್ದ ನಲವತ್ತು ಮಂದಿಯ ನಲವತ್ತು ಹೊಸ ಮಂಡಿಗಳು ಒಂದೇ ಗಳಿಗೆಯಲ್ಲಿ ಟಿಕ್ ಎಂದು ಬಿಗಿದುಕೊಂಡವು. ಹಡಗು ನೆಟ್ಟಗಾದ ಕೂಡಲೇ ಸಡಿಲಾದವು. ಒಬ್ಬರೂ ಬೀಳಲಿಲ್ಲ, ಕೈಯಲ್ಲಿದ್ದ ಚಹಾ ಕೂಡ ಚೆಲ್ಲಲಿಲ್ಲ. ಮೂರು ವಾರದ ಹಿಂದೆ ಇದೇ ಜನ ಗೋಡೆ ಹಿಡಿದುಕೊಂಡು ಅಯ್ಯೋ ಅವ್ವಾ ಅನ್ನುತ್ತಿದ್ದರು.

ಇದು ಕಲಿಯುವ ಮಂಡಿ. ಲೋಹದ ಕೀಲಿನೊಳಗೆ ಒಂದು ಚಮಚೆಯಷ್ಟು ಜಿಗುಟು ದ್ರವ, ಅದರಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ. ಪಕ್ಕದ ಸಣ್ಣ ಸುರುಳಿಯಲ್ಲಿ ವಿದ್ಯುತ್ತು ಹರಿದರೆ ದ್ರವ ಕಲ್ಲಾಗುತ್ತದೆ, ನಿಂತರೆ ಮತ್ತೆ ಎಣ್ಣೆ. ಯಾವಾಗ ಕಲ್ಲಾಗಬೇಕು ಎನ್ನುವುದನ್ನು ಅಕ್ಕಿಕಾಳಿನಷ್ಟು ದೊಡ್ಡ ಮಿದುಳೊಂದು ಆ ಮನುಷ್ಯನ ಚಲನವಲನ ನೋಡಿ ನೋಡಿ ಕಲಿಯುತ್ತದೆ. ನೆಲದ ಮೇಲೆ ವರ್ಷ ಹಿಡಿಯುವ ಪಾಠ, ತೂಗಾಡುವ ಹಡಗಿನಲ್ಲಿ ಮೂವತ್ತು ದಿನಕ್ಕೆ ಮುಗಿಯುತ್ತದೆಂದು ಕಂಡುಹಿಡಿದವರು ಡಾಕ್ಟರ್ ಸುಲಕ್ಷಣಾ ಗಾಂವ್ಕರ್. ಅದಕ್ಕೇ ಕಾರವಾರದಿಂದ ಲಕ್ಷದ್ವೀಪದ ಕಡೆಗೆ ಈ ವಿಹಾರ. ಮೂವತ್ತನೆಯ ದಿನ ಸಂಜೆ ಮಂಡಿಗೆ ತಾನಾಗಿ ಮುದ್ರೆ ಬೀಳುತ್ತದೆ. ಆಮೇಲೆ ಕಲಿತದ್ದಷ್ಟೇ, ಸಾಯುವತನಕ. ಮುದ್ರೆಯಿಲ್ಲದ ಹಳೆಯ ಮಂಡಿಗಳು, ಕಾಲಿಗೆ ಮುಳ್ಳು ಚುಚ್ಚಿ ಎರಡು ದಿನ ಕುಂಟಿದರೆ ಆ ಕುಂಟನ್ನೇ ಕಲಿತು ಕೂತಿದ್ದವು.

ಅಡಿವೆಪ್ಪನ ಬಲಗಾಲಿನಲ್ಲಿ ಇದ್ದದ್ದು ಹೊಸ ಮಾದರಿ. ಹುಬ್ಬಳ್ಳಿಯಲ್ಲಿ ಅವನದು ಸೈಕಲ್ಲು, ಬೈಕು ರಿಪೇರಿಯ ಅಂಗಡಿ. ನಲವತ್ತೈದು ವರ್ಷ ಕುಕ್ಕರಗಾಲಲ್ಲಿ ಕೂತು ಗಾಲಿ ಬಿಚ್ಚಿದವನು, ಮಂಡಿ ಸವೆದದ್ದೂ ಅದರಿಂದಲೇ. ಹಡಗಿನಲ್ಲಿ ಎಲ್ಲರೂ ಅವನಿಗೆ ಹೇಳಿದ್ದು ಒಂದೇ ಮಾತು, ಆರಾಮ ತಗೊಳ್ಳಿ. ಊಟಕ್ಕೆ ಕುರ್ಚಿ, ಸ್ನಾನಕ್ಕೆ ಕುರ್ಚಿ, ಸಮುದ್ರ ನೋಡಲಿಕ್ಕೂ ಕುರ್ಚಿ. ಇಪ್ಪತ್ತಾರು ದಿನ ಆರಾಮ ತೆಗೆದುಕೊಂಡು ಅವನು ಸುಸ್ತಾಗಿದ್ದ.

ಅವತ್ತು ಬೆಳಿಗ್ಗೆ ಉಪ್ಪಿಟ್ಟು ತರುವ ತಳ್ಳುಗಾಡಿಯ ಒಂದು ಗಾಲಿ ಕಿರ್ರೋ ಎಂದಿತು. ಮೂರು ದಿನದಿಂದ ಅದೇ ರಾಗ. ಅಡಿವೆಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಅಲ್ರೀ, ಹಡಗಕ್ಕೂ ಅದನ್ನ ತಂದೀರೇನು?" ಎಂದಳು ಹೆಂಡತಿ ಈರವ್ವ.

"ನೀ ರೊಟ್ಟಿ ಕಟಗೊಂಡು ಬಂದೀಯಲ್ಲ, ಹಂಗ."

ಅವನು ಅಭ್ಯಾಸಬಲದಿಂದ ಗಾಲಿಯ ಪಕ್ಕ ಕೂರಲು ಹೋದ. ಕುರ್ಚಿಯ ಎತ್ತರಕ್ಕೆ ಇಳಿಯುತ್ತಲೇ ಮಂಡಿ ಕಲ್ಲಾಯಿತು. ಇನ್ನೊಂದು ಕಾಲು ಮಾತ್ರ ಇಳಿಯಿತು. ಅಡಿವೆಪ್ಪ ಉಪ್ಪಿಟ್ಟಿನ ಸಮೇತ ಪಕ್ಕಕ್ಕೆ ಉರುಳಿದ.

ಡಾಕ್ಟರ್ ಸುಲಕ್ಷಣಾ ಮಂಡಿಯ ದಾಖಲೆ ತೆರೆದು ನೋಡಿದರು.

"ಕೀಲು ಕೆಟ್ಟಿಲ್ಲ ಅಡಿವೆಪ್ಪನವರೇ. ಪೂರ್ತಿ ಮಡಚುತ್ತದೆ. ಆದರೆ ನೀವು ಒಂದು ಸಲವೂ ನೆಲಕ್ಕೆ ಕೂತಿಲ್ಲ. ಮನುಷ್ಯ ಅಂದ್ರೆ ಕುರ್ಚಿವರೆಗೆ ಇಳಿಯೋನು ಅಂತ ಅದು ಕಲಿತಿದೆ. ಅದಕ್ಕಿಂತ ಕೆಳಗೆ ಹೋದ್ರೆ ಬೀಳ್ತಿದ್ದೀರಿ ಅಂತ ಹಿಡಿದುಬಿಡುತ್ತೆ."

"ನೆಲಾ ಎಲ್ಲಿತ್ರಿ ಇಲ್ಲಿ? ಬರೇ ಕುರ್ಚಿ. ನನ್ನ ಅಂಗಡಿ ಅಂದ್ರ ನೆಲಾನ ಡಾಕ್ಟ್ರ. ಅಲ್ಲಿ ಕುಂದ್ರಾಕ ಬರ್ಲಿಲ್ಲಂದ್ರ ನಾ ಹೋಗಿ ಮಾಡೂದೇನು, ಬಾಗಲದಾಗ ನಿಂತು ಬೋರ್ಡ್ ಓದ್ಲೇನು?"

"ಇನ್ನೂ ನಾಲ್ಕು ದಿನ ಇದೆ. ಏನಾದರೂ ಹಿಡಿದುಕೊಂಡು ನಿಧಾನ ಇಳೀಬೇಕು. ಬೀಳೋದಲ್ಲ, ಕೂರೋದು ಅಂತ ಅದಕ್ಕೆ ಗೊತ್ತಾಗೋವರೆಗೆ. ಇನ್ನೂರು ಸಲವಾದರೂ ಆಗಬೇಕು. ನೋವಾಗುತ್ತೆ."

"ಸಾಕಾಗೇತ್ರಿ ನನಗ," ಎಂದ ಅಡಿವೆಪ್ಪ, ಕಣ್ಣು ಮುಚ್ಚಿ. ಸುಳ್ಳಲ್ಲ. ಆಪರೇಷನ್ನು, ಹೊಲಿಗೆ, ಮಾತ್ರೆ, ಉಪ್ಪುಗಾಳಿ. ಒಂದು ಮೂಳೆಗೂ ಇನ್ನೊಂದು ಪಾಠ ಬೇಡವಾಗಿತ್ತು.

ಮಧ್ಯಾಹ್ನ ಈರವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಹಡಗಿನ ಕಟಕಟೆಗೆ ಬಿಗಿದು ಕಟ್ಟಿದಳು. ಎದುರಿಗೆ ತಾನು ನೆಲದ ಮೇಲೆ ಕಾಲು ಚಾಚಿ ಕೂತಳು.

"ಹಿಡೀರಿ. ಇಳೀರಿ."

"ನಾಳೆ ನೋಡೂಣಲ್ಲ."

"ನಾಳೆ ನಾಳೆ ಅಂದು ಅಂಗಡಿ ಬಿಟ್ರ ಮನಿಯಾಗ ಹಗಲೆಲ್ಲಾ ನನ್ನ ತಲಿ ತಿಂತೀರಿ. ಅದು ನನಗ ಸಾಕಾಗೂದಿಲ್ಲೇನು? ಇಳೀರಿ ಅಂದೆ."

ಸೀರೆ ಹಿಡಿದು ಅವನು ಇಳಿದ. ಕುರ್ಚಿಯ ಎತ್ತರದಲ್ಲಿ ಮಂಡಿ ಕಲ್ಲು. ಎದ್ದ. ಮತ್ತೆ ಇಳಿದ, ಮತ್ತೆ ಕಲ್ಲು. ಆಚೆ ಕುರ್ಚಿಗಳಲ್ಲಿದ್ದವರು ನಕ್ಕರು. "ಬಾವಿ ನೀರು ಸೇದ್ತಿದೀರೇನು ಯಜಮಾನ್ರೇ?" ಎಂದು ಯಾರೋ ಕೂಗಿದರು. ಮೊದಲ ದಿನ ನಲವತ್ತು ಸಲ, ಒಂದು ಬೆರಳಿನಷ್ಟು ಕೆಳಗೆ. ಎರಡನೆಯ ದಿನ ಒಂದು ಗೇಣು. ಮೂರನೆಯ ದಿನ ಮಂಡಿ ಹಟ ಹಿಡಿದು ಅಲ್ಲೇ ನಿಂತಿತು. ಅಡಿವೆಪ್ಪ ಅದಕ್ಕೆ ಹುಬ್ಬಳ್ಳಿಯ ಬೈಗುಳಗಳನ್ನೆಲ್ಲ ಕಲಿಸಿದ, ಅತ್ತ, ಉಣ್ಣದೆ ಮಲಗಿದ.

ಮೂವತ್ತನೆಯ ದಿನ ಸಂಜೆ ಐದಕ್ಕೆ, ಮುದ್ರೆಗೆ ಇನ್ನೊಂದು ತಾಸು ಇರುವಾಗ, ಅವನು ಸೀರೆ ಹಿಡಿದು ಇಳಿಯುತ್ತಾ ಹೋದ. ಕುರ್ಚಿ ದಾಟಿತು. ಗೇಣು ದಾಟಿತು. ಹಿಮ್ಮಡಿಗೆ ಕುಂಡಿ ತಾಗಿತು. ಅವನು ಮೆಲ್ಲಗೆ ಸೀರೆ ಬಿಟ್ಟ. ತಳ್ಳುಗಾಡಿಯನ್ನು ಹತ್ತಿರ ಎಳೆದುಕೊಂಡು ಗಾಲಿಯ ತಿರುಪು ಬಿಗಿ ಮಾಡಿದ.

"ಏಳೂದು?" ಎಂದಳು ಈರವ್ವ.

ಏಳಲು ಬರಲಿಲ್ಲ. ಇಳಿಯುವುದನ್ನು ಮಂಡಿ ಕಲಿತಿತ್ತು. ಅಷ್ಟು ಕೆಳಗಿನಿಂದ ಸೀರೆ ಹಿಡಿಯದೆ ಏಳುವುದನ್ನು ಕಲಿಯಲಿಕ್ಕೆ ಹೊತ್ತಿರಲಿಲ್ಲ.

"ಅಂಗಡ್ಯಾಗೊಂದು ಹಗ್ಗ ಇಳಿಬಿಟ್ರಾತು ಬಿಡು," ಎಂದ ಅವನು. ದನಿಯಲ್ಲಿ ಗೆಲುವೂ ಇರಲಿಲ್ಲ, ದೂರೂ ಇರಲಿಲ್ಲ. ಎಷ್ಟೋ ದಿನದ ಮೇಲೆ ತನ್ನ ಜಾಗದಲ್ಲಿ ಕೂತವನ ದಣಿವು ಮಾತ್ರ.

ಆರಕ್ಕೆ ಗಂಟೆ ಮೊಳಗಿತು. ಅಟ್ಟದ ತುಂಬಾ ನಲವತ್ತು ಮಂಡಿಗಳು ಮುದ್ರೆ ಬೀಳುತ್ತಾ ಕೊನೆಯ ಸಲ ಒಟ್ಟಿಗೆ ಟಿಕ್ ಎಂದವು. ಜನ ಕುರ್ಚಿಯಲ್ಲಿ ಕೂತೇ ಚಪ್ಪಾಳೆ ತಟ್ಟಿದರು.

ಸುಲಕ್ಷಣಾ ದಾಖಲೆಯ ಫಲಕ ಹಿಡಿದು ಬಂದರು. "ಉಳಿದ ಮೂವತ್ತೊಂಬತ್ತು ಜನರದ್ದೂ ನೋಡಿದೆ. ಯಾರೂ ನೆಲ ಮುಟ್ಟಿಲ್ಲ. ಅವರಲ್ಲಿ ಯಾರಿಗೆ ನೆಲ ಬೇಕಿತ್ತೋ, ನಾನು ಕೇಳಲೇ ಇಲ್ಲ. ಇಷ್ಟು ಕುರ್ಚಿ ಹಾಕಿಸಿದ್ದು ನಾನೇ."

"ನಿಂತು ಯಾಕ ಹೇಳ್ತೀರಿ, ಕುಂದರ್ರಿ ಇಲ್ಲೆ," ಎಂದಳು ಈರವ್ವ, ಪಕ್ಕದ ನೆಲದ ಹಲಗೆಯನ್ನು ಸೆರಗಿನಿಂದ ಒರೆಸುತ್ತಾ.

ಡಾಕ್ಟರು ಕೂರಲು ಬಗ್ಗಿದರು. ಕುರ್ಚಿಯ ಎತ್ತರಕ್ಕೆ ಬಂದು ನಿಂತುಬಿಟ್ಟರು. ಇನ್ನಷ್ಟು ಇಳಿಯಲು ನೋಡಿದರು. ತೊಡೆ ನಡುಗಿತು, ಕೈ ಗಾಳಿಯಲ್ಲಿ ಆಸರೆ ಹುಡುಕಿತು. ವಯಸ್ಸು ನಲವತ್ತೆರಡು. ಆ ಕಾಲಿಗೆ ಯಾರೂ ಕತ್ತರಿ ಹಾಕಿರಲಿಲ್ಲ, ಅದರೊಳಗೆ ದ್ರವವಿರಲಿಲ್ಲ, ಅಕ್ಕಿಕಾಳಿನ ಮಿದುಳಿರಲಿಲ್ಲ. ಕೊನೆಯ ಸಲ ನೆಲಕ್ಕೆ ಕೂತದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದರೆ ಅದೂ ಸಿಗಲಿಲ್ಲ.

ಅಡಿವೆಪ್ಪ ಕೂತಲ್ಲಿಂದಲೇ ಸೀರೆಯ ತುದಿಯನ್ನು ಅವರ ಕಡೆಗೆ ಚಾಚಿದ.

"ಹಿಡೀರಿ ಡಾಕ್ಟ್ರ. ನಿಮ್ದಕ್ಕಿನ್ನೂ ಮುದ್ರಿ ಬಿದ್ದಿಲ್ಲ."